ಬೀದಿಯ ಕಥೆಯನ್ನು ಬೀದಿಯಲ್ಲೇ ಹೇಳಿಸುವುದು ಹೇಗೆ?

ಬೆಂಗಳೂರಿನ ಕಾಟನ್‌ಪೇಟೆಯ ಮಗ್ಗುಲಲ್ಲೇ ಬಿನ್ನಿಪೇಟೆ ಇದೆ. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಗಿರಣಿ ಈ ಬಡಾವಣೆಗೆ ಹೆಸರು ಕೊಟ್ಟಿತು. ಗಿರಣಿಯ ಸೈರನ್ ಕೂಗಿದರೆ ಸುತ್ತಲಿನ ವಠಾರಗಳಲ್ಲಿ ಒಲೆ ಹೊತ್ತುತ್ತಿತ್ತು, ಬುತ್ತಿ ಕಟ್ಟುತ್ತಿದ್ದರು, ಮಕ್ಕಳು ಶಾಲೆಗೆ ಹೊರಡುತ್ತಿದ್ದರು. ಗಡಿಯಾರವಿಲ್ಲದ ಮನೆಗೂ ಹೊತ್ತು ತಿಳಿಯುತ್ತಿತ್ತು. ಈಗ ಆ ಜಾಗದಲ್ಲಿ ಬಹುಮಹಡಿ ಮನೆಗಳಿವೆ, ಮಾಲ್ ಇದೆ. ಹೆಸರು ಉಳಿದಿದೆ, ಕೂಗು ಉಳಿದಿಲ್ಲ.

ನಾನು ಬೆಳೆದ ವಠಾರವೂ ಹೋಯಿತು. ಹನ್ನೆರಡು ಮನೆ, ಒಂದು ನಲ್ಲಿ, ಬಟ್ಟೆ ಒಗೆಯಲು ಒಂದು ಚಪ್ಪಡಿ ಕಲ್ಲು. ಕೆಡವುವ ವಾರ ನಾವೆಲ್ಲ ಹೋಗಿ ಫೋಟೊ ತೆಗೆದುಕೊಂಡೆವು. ಫೋಟೊದಲ್ಲಿ ನಲ್ಲಿ ಕಾಣುತ್ತದೆ, ಅದರ ಮುಂದೆ ಬೆಳಗಿನ ಜಾವ ನಿಲ್ಲುತ್ತಿದ್ದ ಕೊಡಗಳ ಸಾಲು ಕಾಣುವುದಿಲ್ಲ. ಆ ಸಾಲಿನಲ್ಲಿ ಕೊಡ ಇಟ್ಟವರನ್ನು ಒಂದೆಡೆ ಸೇರಿಸಿ ಮಾತನಾಡಿಸಬೇಕು ಎಂದು ಅನ್ನಿಸಿದ್ದು ಆಗ. ಅಲ್ಲಿಂದೀಚೆಗೆ ನೆರೆಹೊರೆಯವರು ಸೇರಿ ಕಥೆ ಹೇಳುವ ಮೂರು ಸಂಜೆಗಳನ್ನು ನಡೆಸಿದ್ದೇವೆ. ನಿಮ್ಮ ಬೀದಿಯಲ್ಲೂ ಇದನ್ನು ಮಾಡಬಹುದು. ಖರ್ಚು ಕಡಿಮೆ, ಓಡಾಟ ಜಾಸ್ತಿ.

ಅಜ್ಜಿಯನ್ನು ಮನೆಯಲ್ಲೇ ಕೂರಿಸಿ ಮೊಬೈಲಿನಲ್ಲಿ ಮಾತು ಹಿಡಿದುಕೊಂಡರೆ ಸಾಲದೇ ಎಂದು ಹಲವರು ಕೇಳಿದ್ದಾರೆ. ಸಾಲದು. ಒಬ್ಬರೇ ಹೇಳುವಾಗ ನೆನಪು ತಪ್ಪಿದರೆ ತಪ್ಪಿದಂತೆಯೇ ಉಳಿಯುತ್ತದೆ. ನಾಲ್ಕು ಜನರ ನಡುವೆ ಹೇಳುವಾಗ ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ: ‘ಅಲ್ಲಮ್ಮ, ಸೀಮೆಎಣ್ಣೆ ಅಂಗಡಿ ಬೇವಿನ ಮರದ ಆಚೆಗಿತ್ತು.’ ಇನ್ನೊಬ್ಬರು ‘ಬೇವಿನ ಮರವೇ? ಅದು ಹೊಂಗೆ’ ಎನ್ನುತ್ತಾರೆ. ಈ ಅಡ್ಡಮಾತುಗಳಲ್ಲಿ ಬೀದಿ ಎದ್ದು ನಿಲ್ಲುತ್ತದೆ. ಮುಂದೆ ಹೇಳುವ ಏರ್ಪಾಡೆಲ್ಲ ಆ ಅಡ್ಡಮಾತಿಗೆ ಜಾಗ ಮಾಡಿಕೊಡುವುದಕ್ಕಾಗಿ.

ಮೊದಲು, ಒಂದೇ ಬೀದಿ

‘ಬೆಂಗಳೂರಿನ ನೆನಪುಗಳು’ ಎಂದು ಹೊರಟರೆ ಎಲ್ಲರೂ ಕಬ್ಬನ್ ಪಾರ್ಕು, ಡಬಲ್ ಡೆಕ್ಕರ್ ಬಸ್ಸುಗಳ ಬಗ್ಗೆಯೇ ಮಾತನಾಡುತ್ತಾರೆ. ಅದು ಎಲ್ಲರಿಗೂ ಗೊತ್ತಿರುವ ಮಾತು. ಒಂದು ಅಡ್ಡರಸ್ತೆಯನ್ನು ಆರಿಸಿಕೊಳ್ಳಿ. ಅದೂ ದೊಡ್ಡದಾಯಿತು ಎನಿಸಿದರೆ ಒಂದು ವಠಾರ, ಒಂದು ಹಿಟ್ಟಿನ ಗಿರಣಿ, ಒಂದು ಅರಳಿಕಟ್ಟೆ ಸಾಕು. ವಿಷಯ ಚಿಕ್ಕದಾದಷ್ಟೂ ಅಡ್ಡಮಾತು ಹೆಚ್ಚು ಬರುತ್ತದೆ.

ಯಾರು ಹೇಳಬೇಕು?

ಮನೆಯ ಮಾಲೀಕರು ಸುಲಭವಾಗಿ ಸಿಗುತ್ತಾರೆ, ಏಕೆಂದರೆ ಅವರು ಇನ್ನೂ ಅಲ್ಲೇ ಇರುತ್ತಾರೆ. ಅವರ ಮಾತೂ ಬೇಕು. ಆದರೆ ಅಲ್ಲಿಗೇ ನಿಲ್ಲಿಸಿದರೆ ಬೀದಿಯ ಕಥೆ ಆಸ್ತಿಪತ್ರದ ಕಥೆಯಾಗಿಬಿಡುತ್ತದೆ. ಬಾಡಿಗೆಗಿದ್ದವರನ್ನು ಹುಡುಕಿ. ಗಿರಣಿಯಲ್ಲಿ ಪಾಳಿ ಮಾಡಿದವರು, ಹೂವು ಕಟ್ಟಿ ಮಾರಿದವರು, ಸೈಕಲ್ ಅಂಗಡಿ ಇಟ್ಟವರು, ಮನೆಗೆಲಸಕ್ಕೆ ಬರುತ್ತಿದ್ದವರು, ಬೀದಿ ಗುಡಿಸಿದವರು, ಇವರ ಬಳಿ ಬೇರೆಯದೇ ಬೀದಿ ಇದೆ. ಹಲವರು ಈಗ ಕೆಂಗೇರಿಯ ಆಚೆಗೋ ತುಮಕೂರು ರಸ್ತೆಯ ಕಡೆಗೋ ಹೋಗಿದ್ದಾರೆ. ಹಳೆಯ ಕಿರಾಣಿ ಅಂಗಡಿಯವರನ್ನು ಕೇಳಿ ನೋಡಿ, ಯಾರು ಎಲ್ಲಿಗೆ ಹೋದರು ಎಂಬುದು ಅವರಿಗೆ ನೆನಪಿರುತ್ತದೆ.

ಇನ್ನೊಂದು ಗುಂಪನ್ನು ಮರೆಯಲೇಬೇಡಿ: ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. ಅಲ್ಲೇ ಉಳಿದವರ ಕಣ್ಣಿನಲ್ಲಿ ಹಳೆಯ ಬೀದಿಯ ಮೇಲೆ ಹೊಸ ಬೀದಿ ಕೂತುಬಿಟ್ಟಿರುತ್ತದೆ. ನಡುವೆ ಬಂದ ಅಂಗಡಿಗಳು, ಎದ್ದ ಮಹಡಿಗಳು ಎಲ್ಲವೂ ಒಂದರೊಳಗೊಂದು ಬೆರೆತಿರುತ್ತವೆ. ಇಪ್ಪತ್ತನೆಯ ವಯಸ್ಸಿನಲ್ಲಿ ಹೊರಟು ಹೋದವರ ನೆನಪಿನಲ್ಲಿ ಬೀದಿ ಅವರು ಹೊರಟ ದಿನದ ಹಾಗೆಯೇ ನಿಂತಿರುತ್ತದೆ. ನಮ್ಮ ಮೊದಲ ಸಂಜೆಗೆ ಶಿವಮೊಗ್ಗದಿಂದ ಬಂದಿದ್ದ ಒಬ್ಬ ಅಕ್ಕ, ಯಾವ ಮನೆಯ ಮೆಟ್ಟಿಲಿನ ಅಂಚು ಒಡೆದಿತ್ತು ಎಂಬುದನ್ನೂ ಹೇಳಿದರು.

ಕೇಳುವ ಪ್ರಶ್ನೆ

ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. ಸಂಜೆಗೆ ಎರಡು ಮೂರು ವಾರ ಮೊದಲೇ ಒಬ್ಬೊಬ್ಬರ ಮನೆಗೆ ಹೋಗಿ ಕೂತು ಮಾತನಾಡಬೇಕು. ‘ಆಗ ಹೇಗಿತ್ತು ತಾತ?’ ಎಂದು ಕೇಳಿದರೆ ಉತ್ತರ ಒಂದೇ: ‘ಆ ಕಾಲವೇ ಚೆನ್ನಾಗಿತ್ತು.’ ತಪ್ಪು ತಾತನದಲ್ಲ, ಪ್ರಶ್ನೆಯದು. ಹಿಡಿದು ಎಳೆಯಲು ಅದರಲ್ಲಿ ದಾರವೇ ಇಲ್ಲ.

ನೀರಿನಿಂದ ಶುರು ಮಾಡಿ. ಹೆಸರಘಟ್ಟದ ನೀರು ಊರಿಗೆ ಬಂದದ್ದು 1896ರಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯದು 1974ರಲ್ಲಿ. ಇಷ್ಟು ಕಡತಗಳಲ್ಲಿ ಸಿಗುತ್ತದೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು, ಮೊದಲ ಕೊಡ ಯಾರದು, ರಾತ್ರಿಯೇ ಕೊಡ ಇಟ್ಟು ಸಾಲು ಹಿಡಿಯುವುದಕ್ಕೆ ಒಪ್ಪಿಗೆ ಇತ್ತೇ, ಜಗಳ ಬಿಡಿಸುತ್ತಿದ್ದವರು ಯಾರು? ಇದಕ್ಕೆ ಕಡತವಿಲ್ಲ, ಅಜ್ಜಿಯೇ ಹೇಳಬೇಕು. ಆಮೇಲೆ ಶಬ್ದಕ್ಕೆ ಬನ್ನಿ: ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಏನು ಕೇಳಿಸುತ್ತಿತ್ತು? ವಾಸನೆಗೆ ಬನ್ನಿ: ಕಣ್ಣು ಮುಚ್ಚಿ ನಡೆದರೂ ಯಾವ ತಿರುವು ಬಂತೆಂದು ಗೊತ್ತಾಗುತ್ತಿತ್ತೇ? ದುಡ್ಡಿಗೆ ಬನ್ನಿ: ಮೊದಲ ಸಂಬಳದಲ್ಲಿ ಮನೆಗೆ ತಂದದ್ದೇನು? ಕಡೆಗೆ, ‘ಮನೆಯ ಹೊಸ್ತಿಲಿನಿಂದ ಶಾಲೆಯವರೆಗೆ ನನ್ನನ್ನು ನಡೆಸಿಕೊಂಡು ಹೋಗಿ’ ಎಂದು ಕೇಳಿ. ನಡಿಗೆಯಾಗಿ ಹೇಳಲು ಶುರು ಮಾಡಿದವರು ತಮಗೇ ಮರೆತುಹೋಗಿದ್ದ ಮನೆಗಳನ್ನು ದಾರಿಯಲ್ಲಿ ಕಾಣುತ್ತಾರೆ.

ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಇಳಿವಯಸ್ಸಿನಲ್ಲೂ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಎದುರಿಗಿರುವವರಿಗೆ ಎಪ್ಪತ್ತೈದು ಎಂದಾದರೆ, ಅವರನ್ನು 1960 ಮತ್ತು 70ರ ದಶಕಗಳ ಬೀದಿಗೆ ಕರೆದೊಯ್ಯುವ ಪ್ರಶ್ನೆಗಳನ್ನು ಇಟ್ಟುಕೊಂಡು ಹೋಗಿ.

ನೆಲದ ಮೇಲೆ ಬೀದಿ ಬರೆಯಿರಿ

ಇದನ್ನು ನಾವು ಎರಡನೆಯ ಸಂಜೆಗೆ ಕಲಿತೆವು. ಮೊದಲ ಸಲ ವೇದಿಕೆ, ಬ್ಯಾನರ್, ಮೈಕು ಎಲ್ಲ ಇಟ್ಟಿದ್ದೆವು. ಮೈಕಿನ ಮುಂದೆ ನಿಂತ ಹಿರಿಯರು ಭಾಷಣ ಮಾಡಿದರು, ಅಧ್ಯಕ್ಷರಿಗೆ ವಂದಿಸಿದರು, ಅಡ್ಡಮಾತು ಆಡಲು ಯಾರಿಗೂ ಧೈರ್ಯವಾಗಲಿಲ್ಲ. ಎರಡನೆಯ ಸಲ ವೇದಿಕೆ ತೆಗೆದುಹಾಕಿ, ರಂಗೋಲಿ ಪುಡಿಯಲ್ಲಿ ಬೀದಿಯನ್ನು ನೆಲದ ಮೇಲೆ ಬರೆದೆವು. ಸುಮಾರು ಹದಿನೈದು ಅಡಿ ಉದ್ದ, ಎರಡು ಗೆರೆ, ನಡುವೆ ಅಡ್ಡರಸ್ತೆಯ ತಿರುವು, ಅಷ್ಟೇ. ಮನೆಗಳನ್ನು ಬೇಕೆಂದೇ ಬರೆದಿರಲಿಲ್ಲ.

ಬಂದವರ ಕೈಗೆ ಬಣ್ಣದ ಪುಡಿ ಕೊಟ್ಟೆವು. ‘ನಿಮ್ಮ ಮನೆ ಎಲ್ಲಿತ್ತೋ ಅಲ್ಲಿ ಗುರುತು ಮಾಡಿ’ ಎಂದೆವು. ಹತ್ತು ನಿಮಿಷದಲ್ಲಿ ನಲವತ್ತು ಜನ ನೆಲಕ್ಕೆ ಬಗ್ಗಿದ್ದರು. ಸೌದೆ ಡಿಪೋ ಬಂತು, ರೇಷನ್ ಅಂಗಡಿ ಬಂತು, ಬಾವಿ ಮುಚ್ಚಿದ ಜಾಗ ಬಂತು. ಮೂರು ಮನೆಯವರು ಒಂದೇ ಜಾಗಕ್ಕೆ ಗುರುತು ಹಾಕಿ ಮುಖ ಮುಖ ನೋಡಿಕೊಂಡರು. ಬೇರೆ ಬೇರೆ ವರ್ಷಗಳಲ್ಲಿ ಅವರೆಲ್ಲ ಅದೇ ಮನೆಯಲ್ಲಿ ಬಾಡಿಗೆಗಿದ್ದವರು, ಆವರೆಗೆ ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ. ಆ ಮೇಲೆ ಹೇಳುವವರು ವೇದಿಕೆ ಹತ್ತಲಿಲ್ಲ, ನಕ್ಷೆಯಲ್ಲಿ ತಮ್ಮ ಮನೆಯ ಗುರುತಿನ ಪಕ್ಕದಲ್ಲಿ ನಿಂತು ಹೇಳಿದರು.

ಸಾಧ್ಯವಾದರೆ ಇದನ್ನು ಅದೇ ಬೀದಿಯಲ್ಲಿ, ಇಲ್ಲವೇ ನೂರು ಹೆಜ್ಜೆಯೊಳಗಿನ ಶಾಲೆಯಲ್ಲೋ ಗುಡಿಯ ಅಂಗಳದಲ್ಲೋ ಮಾಡಿ. ಇದ್ದ ಜಾಗಕ್ಕೆ ಕಾಲಿನಿಂದಲೇ ನಡೆದು ಹೋಗಿ ನೆನೆಯುವುದು ನಮ್ಮ ಪೇಟೆಯ ಹಳೆಯ ರೂಢಿ. ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂದರೂ ಕರಗ ಉತ್ಸವದ ವಿಧಿಗಳು ಅಲ್ಲಿ ಉಳಿದಿರುವ ಪುಟ್ಟ ಕೊಳವನ್ನು ಬಿಟ್ಟಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೆ ಬಂದೇ ಹೋಗುತ್ತದೆ.

ಕಥೆಯನ್ನು ಹದ ಮಾಡುವುದು

ಒಂದು ಸಂಜೆಗೆ ಆರು ಜನ ಸಾಕು, ಒಬ್ಬೊಬ್ಬರಿಗೆ ಏಳೆಂಟು ನಿಮಿಷ. ಬರೆದುಕೊಂಡು ಓದುವುದು ಬೇಡ, ಓದಿದರೆ ದನಿ ಒಣಗುತ್ತದೆ. ಮೊದಲ ವಾಕ್ಯವನ್ನೂ ಕೊನೆಯಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮಾತ್ರ ಗಟ್ಟಿ ಮಾಡಿಕೊಳ್ಳಲಿ. ‘ನಾನು ಹುಟ್ಟಿದ್ದು ಇಸವಿ ಇಷ್ಟರಲ್ಲಿ’ ಎಂಬಲ್ಲಿಂದ ಶುರು ಮಾಡುವವರೇ ಹೆಚ್ಚು. ‘ಆವತ್ತು ಸೈರನ್ ಕೂಗಲಿಲ್ಲ’ ಎಂಬಲ್ಲಿಂದ ಶುರು ಮಾಡಿಸಿ ನೋಡಿ. ಮನೆಯಲ್ಲೇ ಒಮ್ಮೆ ಮೊಮ್ಮಕ್ಕಳಿಗೆ ಹೇಳಿ ಅಭ್ಯಾಸ ಮಾಡಿದರೆ ಸಾಕು, ಹೆಚ್ಚಾದರೆ ಕಥೆ ಸವೆಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಈ ಕಡೆಯ ಬೀದಿಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತುಗಳಿವೆ. ಅಳು, ಬೈಗುಳ, ಲಾಲಿ ಮೂರೂ ಮನೆಮಾತಿನಲ್ಲೇ ಬರುತ್ತವೆ. ಅವರವರ ಮಾತಿನಲ್ಲಿ ಹೇಳಲಿ, ಆಮೇಲೆ ಅದೇ ಬೀದಿಯ ಒಬ್ಬರು ಕನ್ನಡದಲ್ಲಿ ತಿರುಗಿ ಹೇಳಲಿ. ಎರಡು ಸಲ ಕೇಳಿದ ಕಥೆ ಮಕ್ಕಳಿಗೆ ಚೆನ್ನಾಗಿ ಉಳಿಯುವುದನ್ನು ಕಂಡಿದ್ದೇನೆ.

ಹೊತ್ತು, ಅನುಮತಿ, ಕುರ್ಚಿ

ಭಾನುವಾರ ಸಂಜೆ ನಾಲ್ಕೂವರೆಗೆ ಶುರು ಮಾಡಿ, ಕತ್ತಲಾಗುವ ಮುಂಚೆ ಹಿರಿಯರು ಮನೆ ಸೇರಬೇಕು. ಐವತ್ತು ಜನರವರೆಗೆ ಮೈಕು ಬೇಡ. ಬೇಕೇ ಬೇಕೆಂದರೆ ಠಾಣೆಯಿಂದ ಧ್ವನಿವರ್ಧಕದ ಅನುಮತಿ ಪಡೆಯಿರಿ. ರಸ್ತೆ ಮುಚ್ಚಬೇಕಾದರೆ ಸಂಚಾರ ಪೊಲೀಸರಿಗೂ ಮೊದಲೇ ಅರ್ಜಿ ಕೊಡಬೇಕು. ಬೆನ್ನಿಗೆ ಒರಗು ಇರುವ ಕುರ್ಚಿ, ಕುಡಿಯುವ ನೀರು, ಹತ್ತಿರದಲ್ಲೇ ಶೌಚಾಲಯ, ಈ ಮೂರು ಇಲ್ಲದಿದ್ದರೆ ಅಜ್ಜಿಯರು ಅರ್ಧಕ್ಕೇ ಎದ್ದು ಹೋಗುತ್ತಾರೆ.

ತಿದ್ದುವ ಮಾತು

ಪ್ರತಿ ಕಥೆಯ ಹಿಂದೆಯೇ ಐದು ನಿಮಿಷ ಕೇಳುಗರಿಗೆ ಬಿಡಿ. ಇದಕ್ಕೆ ನಾವು ‘ತಿದ್ದುವ ಮಾತು’ ಎಂದು ಹೆಸರಿಟ್ಟಿದ್ದೇವೆ. ಎರಡೇ ನಿಯಮ. ‘ನೀವು ಹೇಳಿದ್ದು ಸುಳ್ಳು’ ಎನ್ನುವಂತಿಲ್ಲ, ‘ನನಗೆ ನೆನಪಿರುವುದು ಹೀಗೆ’ ಎನ್ನಬೇಕು. ನಡೆಸಿಕೊಡುವವರು ತೀರ್ಪು ಕೊಡುವಂತಿಲ್ಲ. ಮರ ಬೇವೋ ಹೊಂಗೆಯೋ ಎಂಬುದು ತೀರದಿದ್ದರೆ ನಕ್ಷೆಯ ಮೇಲೆ ಎರಡೂ ಇರಲಿ. ಮುಂದೆ ಯಾವತ್ತೋ ಒಂದು ಹಳೆಯ ಮದುವೆಯ ಫೋಟೊದ ಮೂಲೆಯಲ್ಲಿ ಆ ಮರ ಸಿಗಬಹುದು.

ಈ ಹೊತ್ತಿನಲ್ಲೇ ನೋವೂ ಹೊರಗೆ ಬರುತ್ತದೆ. ‘ನಾವೆಲ್ಲ ಒಂದೇ ಮನೆಯವರಂತೆ ಇದ್ದೆವು’ ಎಂದು ಒಬ್ಬರು ಹೇಳಿದ ಮೇಲೆ, ‘ನಮ್ಮ ಕೊಡವನ್ನು ನಿಮ್ಮ ಕೊಡದ ಪಕ್ಕ ಇಡಲು ಬಿಡುತ್ತಿರಲಿಲ್ಲವಲ್ಲ’ ಎಂದು ಇನ್ನೊಬ್ಬರು ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಆಗ ಮಾತು ತಿರುಗಿಸಬೇಡಿ, ಚಹಾ ತರಿಸಬೇಡಿ. ಅವರು ಪೂರ್ತಿ ಹೇಳಲಿ. ಮುಷ್ಕರದ ದಿನಗಳು, ಗಲಭೆಯ ದಿನಗಳು, ಮನೆ ಖಾಲಿ ಮಾಡಿಸಿದ ದಿನ, ಇವುಗಳ ಬಗ್ಗೆ ಮಾತ್ರ ಮೊದಲೇ ಅವರ ಮನೆಯಲ್ಲಿ ಕೇಳಿಕೊಳ್ಳಿ: ಎಲ್ಲರ ಮುಂದೆ ಹೇಳುತ್ತೀರಾ, ದನಿ ಮುದ್ರಿಸಿಕೊಳ್ಳಬಹುದೇ, ಹೆಸರು ಬಿಡಬೇಕೇ? ಬೇಡವೆಂದರೆ ಬೇಡ, ಸಂಜೆಯ ದಿನ ಮನಸ್ಸು ಬದಲಾದರೂ ಸರಿ.

ಹಿಡಿದಿಡುವುದು

ಎರಡು ಮೊಬೈಲುಗಳನ್ನು ಇಡಿ: ಒಂದು ಹೇಳುವವರ ಹತ್ತಿರ, ಒಂದು ಕೇಳುಗರ ನಡುವೆ. ಎರಡನೆಯದು ಬಹಳ ಮುಖ್ಯ, ಅಡ್ಡಮಾತು ಸಿಗುವುದು ಅದರಲ್ಲಿ. ಎರಡನ್ನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ಧ್ವನಿಮುದ್ರಣ ನಿಲ್ಲುತ್ತದೆ. ಆ್ಯಪ್‌ನಲ್ಲಿ ವೇವ್ ಮಾದರಿ ಇದ್ದರೆ ಅದನ್ನೇ ಆರಿಸಿ, ಅದು ದನಿಯನ್ನು ಹಿಂಡದೆ ಉಳಿಸುತ್ತದೆ. ರಂಗೋಲಿ ನಕ್ಷೆಯನ್ನು ಅಳಿಸುವ ಮುಂಚೆ ಮಹಡಿಯ ಮೇಲಿನಿಂದ ಫೋಟೊ ತೆಗೆಯಿರಿ.

ಆ ರಾತ್ರಿಯೇ ದನಿಯ ಕಡತಗಳಿಗೆ ದಿನಾಂಕ, ಬೀದಿ, ಭಾಷೆ ಸೇರಿಸಿ ಹೆಸರು ಕೊಡಿ. ನಾಳೆಗೆ ಬಿಟ್ಟರೆ ಯಾವುದು ಯಾರದೆಂದು ತಿಳಿಯುವುದಿಲ್ಲ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ. ವಿಕಿಪೀಡಿಯದ ಬಳಗದ ಮುಕ್ತ ಕಡತ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸುವ ಆಸೆ ಇದ್ದರೆ, ಅಲ್ಲಿಟ್ಟ ದನಿಯನ್ನು ಯಾರು ಬೇಕಾದರೂ ಮರುಬಳಕೆ ಮಾಡಬಹುದು, ಕೊಟ್ಟ ಪರವಾನಗಿಯನ್ನು ಆಮೇಲೆ ಹಿಂದಕ್ಕೆ ಪಡೆಯಲಾಗದು ಎಂದು ಹೇಳಿದವರಿಗೆ ಬಿಡಿಸಿ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದು ಪ್ರತಿ ತಪ್ಪದೆ ಹೇಳಿದವರ ಮನೆಗೆ ಹೋಗಲಿ. ಕೆಲವರಿಗೆ ಮೆಮೊರಿ ಕಾರ್ಡಿಗಿಂತ, ನಾಲ್ಕು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಟ್ಟದ್ದು ಹೆಚ್ಚು ಖುಷಿ ಕೊಡುತ್ತದೆ.

ಮುಂದಿನ ಸಲ

ಮೂರು ತಿಂಗಳು ಬಿಟ್ಟು ಮತ್ತೆ ಸೇರಿ. ಈ ಸಲ ಹಿರಿಯರು ಕುರ್ಚಿಯಲ್ಲಿ ಕೂರಲಿ, ಮಕ್ಕಳು ಹೇಳಲಿ. ಒಂದೊಂದು ಮಗುವಿಗೆ ಒಂದು ಕಥೆ. ಅದು ಹಿಂದಿನ ಸಂಜೆ ಕೇಳಿದ್ದಿರಬೇಕು, ತನ್ನ ಮನೆಯದಾಗಿರಬಾರದು. ನಮ್ಮ ಮೂರನೆಯ ಸಂಜೆ ಹೊಸ ಅಪಾರ್ಟ್‌ಮೆಂಟಿನ ಒಬ್ಬ ಹುಡುಗಿ, ಅವಳ ತಂದೆತಾಯಿ ಈ ಊರಿಗೆ ಬಂದು ನಾಲ್ಕೇ ವರ್ಷ, ನಮ್ಮ ವಠಾರದ ನಲ್ಲಿಯ ಕಥೆಯನ್ನು ಆರಿಸಿಕೊಂಡಿದ್ದಳು. ರಂಗೋಲಿಯ ನಕ್ಷೆಯಲ್ಲಿ ನಲ್ಲಿಯ ಗುರುತಿನ ಮೇಲೆ ನಿಂತು, ಬೆಳಗಿನ ಜಾವ ನಾಲ್ಕು ಗಂಟೆಗೆ ಕೊಡಗಳು ಸಾಲು ನಿಲ್ಲುತ್ತಿದ್ದವು ಎಂದು ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಕೈ ಎತ್ತಿ, ‘ನಾಲ್ಕಲ್ಲ ಪುಟ್ಟಿ, ಮೂರೂವರೆ’ ಎಂದರು. ಹುಡುಗಿ ತಲೆಯಾಡಿಸಿ, ‘ಮೂರೂವರೆಗೆ’ ಎಂದು ತಿದ್ದಿಕೊಂಡು ಮುಂದುವರಿಸಿದಳು.