1891ರ ಜನಗಣತಿಯಲ್ಲಿ ಕೋಣೆಗೊಂದು ಸಂಸಾರ

ಪೂರ್ವ ಲಂಡನ್ನಿನ ಓಲ್ಡ್ ನಿಕೋಲ್ ಕೇರಿಯಲ್ಲಿ ಕೋಣೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಮನೆಗಳೊಳಗೆ ದುಡಿಯುವ ಸಂಸಾರಗಳು ಹೇಗೆ ಬದುಕುತ್ತಿದ್ದವು ಎಂಬುದನ್ನು ಅರಿಯಲು ನಾನು ಮೊದಲು ಕೈಗೆತ್ತಿಕೊಂಡದ್ದು 1891ರ ಜನಗಣತಿಯ ಪುಟಗಳನ್ನು. ಆ ವರ್ಷದ ಏಪ್ರಿಲ್ 5ರ ಭಾನುವಾರ ರಾತ್ರಿ ಯಾರು ಎಲ್ಲಿ ತಂಗಿದ್ದರು ಎಂಬುದರ ಜೊತೆಗೆ, ಐದಕ್ಕಿಂತ ಕಡಿಮೆ ಕೋಣೆಗಳಲ್ಲಿದ್ದ ಸಂಸಾರಗಳು ಆ ಕೋಣೆಗಳೆಷ್ಟು ಎಂಬುದನ್ನೂ ತಿಳಿಸಬೇಕಾಗಿತ್ತು.

ಈ ಪುಟಗಳಲ್ಲಿ ಮನೆಯ ಸಂಖ್ಯೆಗಿಂತ ಹೆಸರುಗಳ ಪಕ್ಕದ ಓರೆಗೆರೆಗಳ ಮೇಲೆ ಕಣ್ಣಿಡಬೇಕು. ಜೋಡಿ ಗೆರೆ ಒಂದು ಕಟ್ಟಡವನ್ನು ಇನ್ನೊಂದರಿಂದ ಬೇರ್ಪಡಿಸಿದರೆ, ಒಂಟಿ ಗೆರೆ ಒಂದೇ ಸೂರಿನಡಿಯ ಸಂಸಾರಗಳನ್ನು ಬೇರ್ಪಡಿಸುತ್ತದೆ. ಪ್ರತಿ ಸಂಸಾರವನ್ನೂ ಬೇರೆ ಹಾಳೆಗೆ ಇಳಿಸಿ, ಕೋಣೆ, ವಯಸ್ಸು, ಕಸುಬುಗಳನ್ನು ಎದುರುಬದುರಾಗಿ ಬರೆದುಕೊಂಡ ಮೇಲೆಯೇ ಇಕ್ಕಟ್ಟಿನ ನಿಜರೂಪ ನನಗೆ ಕಂಡಿತು. ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಅದು ಅತಿ ಇಕ್ಕಟ್ಟು ಎಂಬುದು ಆಗಿನ ಗಣತಿಯ ಅಳತೆಗೋಲು.

ಆದರೆ ಗಣತಿ ಹೇಳುವುದು ರಾತ್ರಿಯ ಲೆಕ್ಕವನ್ನು ಮಾತ್ರ. ಹಗಲನ್ನು ಕಸುಬಿನ ಅಂಕಣದಿಂದಲೇ ಕಟ್ಟಿಕೊಳ್ಳಬೇಕು. ಬೆಂಕಿಪೊಟ್ಟಣ ಮಾಡುವ ಹೆಂಗಸಿನ ಒಂದೇ ಕೋಣೆಯನ್ನು ಗಮನಿಸಿ. ತೆಳುವಾದ ಮರದ ಪಟ್ಟಿಯನ್ನು ಮಡಚಿ, ಕಾಗದ ಸುತ್ತಿ, ಅಂಟು ಬಳಿದು 144 ಪೊಟ್ಟಣ ಮುಗಿಸಿದರೆ ಸಿಗುತ್ತಿದ್ದದ್ದು ಸುಮಾರು ಎರಡೂಕಾಲು ಪೆನ್ನಿ, ಅಂಟಿನ ಖರ್ಚೂ ಅವಳದೇ. ಹಸಿ ಪೊಟ್ಟಣಗಳು ನೆಲ, ಮೇಜು, ಹಾಸಿಗೆಗಳನ್ನೆಲ್ಲ ಆಕ್ರಮಿಸಿರುವಾಗ ಮಕ್ಕಳು ಮಲಗುವುದಾದರೂ ಎಲ್ಲಿ? ಅದೇ ಕೋಣೆಯಲ್ಲೇ ಅಡುಗೆ, ಸ್ನಾನ, ಬಾಣಂತನ. ಸಾವಾದರೆ ಹೆಣವನ್ನು ಇರಿಸಬೇಕಾದದ್ದೂ ಅಲ್ಲಿಯೇ. ಎಷ್ಟೋ ಕಡೆ ಇಡೀ ಮನೆಗೆ ಹಿತ್ತಿಲಿನ ನಲ್ಲಿಯೊಂದೇ ಗತಿಯಾಗಿದ್ದರಿಂದ, ಮೇಲಿನ ಮಹಡಿಗೆ ನೀರು ಹೊರುವುದೂ ಕೊಳೆನೀರನ್ನು ಕೆಳಗಿಳಿಸುವುದೂ ಬಹುಮಟ್ಟಿಗೆ ಹೆಂಗಸರ ಪಾಲಿಗೇ ಬರುತ್ತಿತ್ತು. ಇಂಥವರನ್ನು ಕೊಳಕು ಜನ ಎಂದು ಕರೆದ ಅಂದಿನ ಬರಹಗಳು ನನಗೆ ಇಂದಿಗೂ ಅನ್ಯಾಯವಾಗಿಯೇ ತೋರುತ್ತವೆ.

ಒಂದೊಂದು ರಾತ್ರಿಗೆ ಹಾಸಿಗೆ ಕೊಡುವ ಸಾರ್ವಜನಿಕ ವಸತಿಗೃಹಗಳು 1851ರ ಕಾಯಿದೆಯಿಂದಲೇ ನೋಂದಣಿ, ತಪಾಸಣೆಗಳಿಗೆ ಒಳಪಟ್ಟಿದ್ದವು. ಸಂಸಾರಗಳು ಹಂಚಿಕೊಂಡ ಮನೆಗಳಿಗೂ ನಿಯಮ ರೂಪಿಸುವ ಅಧಿಕಾರ 1866ರಲ್ಲಿ ಸ್ಥಳೀಯ ಆಡಳಿತಗಳಿಗೆ ದೊರೆಯಿತಾದರೂ ಲಂಡನ್ನಿನಲ್ಲಿ ಅದನ್ನು ಬಳಸಿದವು ವಿರಳ.

1890ರ ದಶಕದಲ್ಲಿ ಓಲ್ಡ್ ನಿಕೋಲನ್ನು ಕೆಡವಿ, ಅಲ್ಲಿ ಬೌಂಡರಿ ಎಸ್ಟೇಟ್ ಕಟ್ಟಲಾಯಿತು. ಐದು ಸಾವಿರಕ್ಕೂ ಹೆಚ್ಚು ಹಳೆಯ ನಿವಾಸಿಗಳಲ್ಲಿ ಹೊಸ ಮನೆಗಳಿಗೆ ಬಂದವರು ಬೆರಳೆಣಿಕೆಯಷ್ಟು. ಹಾಗಾಗಿ ನನ್ನ ಹಾಳೆಗಳಲ್ಲಿನ ಸಂಸಾರಗಳನ್ನು 1901ರ ಗಣತಿಯಲ್ಲಿ ಹುಡುಕುವಾಗ ನಾನು ವಿಳಾಸವನ್ನು ಬಿಟ್ಟು, ಮಕ್ಕಳ ಹೆಸರುಗಳ ಸರಣಿಯನ್ನೂ ತಾಯಿಯ ಹುಟ್ಟೂರನ್ನೂ ಹಿಡಿದು ಸುತ್ತಲಿನ ಬೀದಿಗಳಲ್ಲಿ ಅರಸುತ್ತೇನೆ.