ಬಾಲ್ಕನಿಯಲ್ಲಿ ಸ್ಟ್ರಾಬೆರಿ: ಅಕ್ಟೋಬರ್ ಬಿಡಬೇಡಿ

ಸ್ಟ್ರಾಬೆರಿಗೆ ಬಿಸಿಲೂ ಬೇಕು, ತಂಪೂ ಬೇಕು. ಬೆಂಗಳೂರು, ಮೈಸೂರು, ಹಾಸನದ ಕಡೆ ಇವೆರಡೂ ಒಟ್ಟಿಗೆ ಸಿಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ. ಇಲ್ಲಿ ಸಿಗುವ ಬಹುಪಾಲು ತಳಿಗಳು ಹಗಲು ಚಿಕ್ಕದಾಗಿ, ರಾತ್ರಿ ತಣ್ಣಗಾದಾಗಲೇ ಹೂ ಕಟ್ಟುವುದು. ಸ್ಟ್ರಾಬೆರಿಗೆ ಹೆಸರಾದ ಮಹಾರಾಷ್ಟ್ರದ ಮಹಾಬಲೇಶ್ವರದ ರೈತರೂ ಮಳೆ ಇಳಿಯುತ್ತಿದ್ದಂತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಸಸಿ ನೆಡುತ್ತಾರೆ. ನಾವೋ, ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಸಸಿ ತರುತ್ತೇವೆ. ಮೇ ಬಿಸಿಲಿಗೆ ಅದು ಬಾಡಿದಾಗ ಕೈಗುಣ ಚೆನ್ನಾಗಿಲ್ಲ ಅಂದುಕೊಳ್ಳುತ್ತೇವೆ. ಕೈಗುಣ ಸರಿಯಾಗೇ ಇದೆ, ತಿಂಗಳು ತಪ್ಪು. ಕರಾವಳಿಯ ಸೆಖೆಯಲ್ಲಿ ಮಾತ್ರ ಈ ಬೆಳೆ ನಿಜಕ್ಕೂ ಕಷ್ಟ.

ಬೀಜ ಬೇಡ, ಸಸಿ ತನ್ನಿ

ಆನ್‌ಲೈನಿನಲ್ಲಿ ನೀಲಿ, ಕಪ್ಪು ಸ್ಟ್ರಾಬೆರಿ ಬೀಜದ ಪೊಟ್ಟಣ ಮಾರುತ್ತಾರೆ. ನೀಲಿ ಸ್ಟ್ರಾಬೆರಿ ಅನ್ನೋದೇ ಇಲ್ಲ, ದುಡ್ಡು ಉಳಿಸಿ. ಕೆಂಪು ಹಣ್ಣಿನದೇ ಬೀಜವಾದರೂ ಮೊಳೆಯಲು ವಾರಗಟ್ಟಲೆ ಬೇಕು, ಬಂದ ಗಿಡ ತಾಯಿಯಂತೆ ಇರುವ ಖಾತ್ರಿಯೂ ಇಲ್ಲ. ನರ್ಸರಿಯಲ್ಲಿ ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ ತಳಿಗಳನ್ನು ಕೇಳಿ ನೋಡಿ. ಎಲೆಯಲ್ಲಿ ಚುಕ್ಕೆ ಇಲ್ಲದ, ನಡುವಿನ ಸುಳಿ ಗಟ್ಟಿಯಾಗಿರುವ ಸಸಿ ಆರಿಸಿ.

ನೆಡುವಾಗ ಸುಳಿಯ ಮೇಲೆ ಕಣ್ಣಿರಲಿ

ಬೇರು ಆಳಕ್ಕೆ ಹೋಗುವುದಿಲ್ಲ. 8 ಇಂಚು ಆಳದ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣು, ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಬೆರೆಸಿ, ಮೇಲೊಂದು ಹಿಡಿ ಬೇವಿನ ಹಿಂಡಿ ಹಾಕಿ. ಮಣ್ಣು ಸ್ವಲ್ಪ ಹುಳಿ ಗುಣದ್ದಾಗಿರಬೇಕು, ಪಿಎಚ್ 5.5ರಿಂದ 6.5ರೊಳಗೆ. ಹಾಗಾಗಿ ಸುಣ್ಣ, ಬೂದಿ ಹಾಕಬೇಡಿ.

ಇಡೀ ಕೆಲಸದಲ್ಲಿ ಸೂಕ್ಷ್ಮ ಅಂದರೆ ಇದು: ಎಲೆಗಳೆಲ್ಲ ಹೊರಡುವ ಆ ಸುಳಿ ಮಣ್ಣಿನ ಮಟ್ಟದಲ್ಲೇ ಕೂರಬೇಕು. ಹೂತುಹೋದರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ ಅಲ್ವಾ, ಆಗ ಇನ್ನೊಮ್ಮೆ ನೋಡಿ ಸರಿಮಾಡಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗದಲ್ಲಿಡಿ.

ನೀರು, ಹೂ, ಹಕ್ಕಿ

ನೀರನ್ನು ಬುಡಕ್ಕೇ ಹಾಕಿ, ಬೆಳಿಗ್ಗೆಯೇ ಹಾಕಿ. ಸಂಜೆ ಎಲೆ ಒದ್ದೆಯಾದರೆ ಬೂಷ್ಟು ಗ್ಯಾರಂಟಿ. ಈ ಗಿಡಕ್ಕೆ ಉಪ್ಪು ಆಗಿಬರುವುದಿಲ್ಲ. ಗಡಸು ಬೋರ್‌ವೆಲ್ ನೀರು ಹಾಕುತ್ತಾ ಹೋದರೆ ಎಲೆಯಂಚು ಸುಟ್ಟಂತಾಗುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನೇ ಬಳಸಿ.

ನೆಟ್ಟ ಹೊಸತರಲ್ಲಿ ಬರುವ ಹೂಗಳನ್ನು ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮೊದಲು ಬೇರು ಬಲಿಯಲಿ. ಆಮೇಲಿನ ಹೂವಿಗೆ ಜೇನ್ನೊಣ ಬಂದರೆ ಒಳ್ಳೆಯದು. ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಅದು ಕಷ್ಟ, ಮೆತ್ತನೆಯ ಬ್ರಷ್ಷಿನಿಂದ ಹೂವಿನ ನಡುವೆ ಸವರಿ. ಪರಾಗ ಸರಿಯಾಗಿ ಹರಡದಿದ್ದರೆ ಹಣ್ಣು ಸೊಟ್ಟಪಟ್ಟ ಆಗುತ್ತದೆ. ಕಾಯಿ ಮಣ್ಣಿಗೆ ತಾಗದಂತೆ ಕೆಳಗೆ ಒಣಹುಲ್ಲು ಹಾಸಿ.

ಹೂವಿನಿಂದ ಹಣ್ಣಿಗೆ ಸುಮಾರು ಒಂದು ತಿಂಗಳು. ಕೆಂಪು ಕಂಡ ಕೂಡಲೇ ಪಿಕಳಾರ, ಅಳಿಲು ಹಾಜರು. ಬಲೆ ಕಟ್ಟಿಬಿಡಿ. ಕಿತ್ತ ಮೇಲೆ ಸ್ಟ್ರಾಬೆರಿ ಸಿಹಿಯಾಗುವುದಿಲ್ಲ. ತೊಟ್ಟಿನ ಹತ್ತಿರವೂ ಕೆಂಪಾಗುವವರೆಗೆ ಕಾದು, ತೊಟ್ಟಿನ ಸಮೇತ ಕತ್ತರಿಸಿ. ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ.

ಆರೋಗ್ಯಕ್ಕೆ ಎಷ್ಟು ಒಳ್ಳೆಯದು?

100 ಗ್ರಾಂ ಹಣ್ಣಿನಲ್ಲಿ ಸುಮಾರು 32 ಕ್ಯಾಲೊರಿ, 59 ಮಿಲಿಗ್ರಾಂ ಸಿ ವಿಟಮಿನ್, 2 ಗ್ರಾಂ ನಾರು ಇರುತ್ತದೆ. ಸಕ್ಕರೆ 5 ಗ್ರಾಂ ಆಸುಪಾಸು, ಅಂದರೆ ಮಾವು, ಬಾಳೆಗಿಂತ ಎಷ್ಟೋ ಕಡಿಮೆ. ಸಕ್ಕರೆ ಕಾಯಿಲೆಯವರೂ ಮಿತವಾಗಿ ತಿನ್ನಬಹುದು. ಫೋಲೇಟ್, ಪೊಟ್ಯಾಸಿಯಂ ಕೂಡ ಉಂಟು. ಆದರೆ ಇದೇನು ಸಂಜೀವಿನಿ ಅಲ್ಲ. ಬರೀ ಸಿ ವಿಟಮಿನ್ ಬೇಕಿದ್ದರೆ ನಮ್ಮ ಸೀಬೆಹಣ್ಣೇ ಇದಕ್ಕಿಂತ ಮೂರ್ನಾಲ್ಕು ಪಟ್ಟು ಜಾಸ್ತಿ ಕೊಡುತ್ತದೆ. ಸಕ್ಕರೆ ಸುರಿದ ಮಿಲ್ಕ್‌ಶೇಕ್, ಜಾಮ್‌ಗೆ ಈ ಲೆಕ್ಕ ಅನ್ವಯಿಸದು. ಕೆಲವರಿಗೆ ಈ ಹಣ್ಣು ಅಲರ್ಜಿ. ತುಟಿ ತುರಿಸಿದರೆ, ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರನ್ನು ಕೇಳಿ.

ಮುಂದಿನ ವರ್ಷಕ್ಕೆ

ಮಾರ್ಚ್ ಕಳೆದರೆ ಹಣ್ಣು ಸಣ್ಣದಾಗುತ್ತದೆ. ಕುಂಡವನ್ನು ಅರೆನೆರಳಿಗೆ ಸರಿಸಿ. ಬುಡದಿಂದ ಹೊರಡುವ ಬಳ್ಳಿಯಂಥ ಹಂಬುಗಳನ್ನು ಹಣ್ಣಿನ ಕಾಲದಲ್ಲಿ ಕತ್ತರಿಸಬೇಕು, ಈಗ ಬೆಳೆಯಲು ಬಿಡಿ. ಹಂಬಿನ ತುದಿಯ ಮರಿಗಿಡವನ್ನು ಪಕ್ಕದ ಸಣ್ಣ ಕುಂಡದ ಮಣ್ಣಿಗೆ ಒತ್ತಿ, ಕೊಕ್ಕೆ ತಂತಿ ಚುಚ್ಚಿ ನಿಲ್ಲಿಸಿ. ಮೂರ್ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ, ಆಗ ತಾಯಿಗಿಡದಿಂದ ಬೇರ್ಪಡಿಸಿ. ಮಳೆಗಾಲದಲ್ಲಿ ಇವನ್ನು ಸಜ್ಜಾದ ಕೆಳಗಿಡಿ. ಅಕ್ಟೋಬರ್‌ನಲ್ಲಿ ಹೊಸ ಮಣ್ಣು ಹಾಕಿ ದೊಡ್ಡ ಕುಂಡಕ್ಕೆ ಬದಲಿಸಿ.