ಗಾರ್ಡಿಯನ್‌ಶಿಪ್ ಅರ್ಜಿಯಲ್ಲಿ ‘ಎಲ್ಲದಕ್ಕೂ’ ಅಂತ ಬರೆಯಬೇಡಿ

ಮಗಳಿಗೆ ಆಟಿಸಂ ಇರಲಿ, ಬೌದ್ಧಿಕ ವಿಕಲತೆ ಇರಲಿ, 18 ತುಂಬಿದರೆ ಕಾನೂನಿನ ಲೆಕ್ಕದಲ್ಲಿ ಅವಳು ದೊಡ್ಡವಳು. ಅಲ್ಲಿಂದ ಮುಂದೆ ಅವಳ ಪರವಾಗಿ ಸಹಿ ಹಾಕುವ ಹಕ್ಕು ಅಪ್ಪ ಅಮ್ಮನಿಗೂ ತಾನಾಗಿ ಬರುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಾಗುವುದೇ ಬ್ಯಾಂಕಿನ ಕೌಂಟರಿನಲ್ಲಿ. ಆಮೇಲೆ ಗಾಬರಿಬಿದ್ದು ಓಡಾಡಿ, ಯಾರೋ ತುಂಬಿಕೊಟ್ಟ ಗಾರ್ಡಿಯನ್‌ಶಿಪ್ ಅರ್ಜಿಗೆ, ಅಂದರೆ ಅವಳ ಪರವಾಗಿ ತೀರ್ಮಾನಿಸುವ ಕಾನೂನಿನ ಅಧಿಕಾರ ಕೇಳುವ ಅರ್ಜಿಗೆ, ಸಹಿ ಹಾಕಿ, ಅವಳ ಊಟ ಬಟ್ಟೆಯಿಂದ ಹಿಡಿದು ಆಸ್ತಿಯವರೆಗೆ ಎಲ್ಲಾ ತೀರ್ಮಾನವನ್ನೂ ಒಂದೇ ಕಾಗದದಲ್ಲಿ ತಮ್ಮ ಹೆಸರಿಗೆ ಬರೆಸಿಕೊಂಡು ಬರುತ್ತಾರೆ. ಪೋಷಕರ ಜೊತೆ ಕೂತು ಅರ್ಜಿ ತುಂಬಿಸುವಾಗ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

1. ನಿಜವಾಗಿ ಬೇಕಾ, ನೋಡಿ

ಒಂದು ಉಳಿತಾಯ ಖಾತೆಗೋಸ್ಕರ ಗಾರ್ಡಿಯನ್‌ಶಿಪ್ ಬೇಡ. ಖಾತೆ ಅಂದರೇನು, ದುಡ್ಡು ಹೇಗೆ ತೆಗೆಯುವುದು ಅಂತ ಮಗನಿಗೆ ಗೊತ್ತಿದ್ದರೆ, ಸಹಿಯೋ ಹೆಬ್ಬೆಟ್ಟೋ ಹಾಕುವುದಾದರೆ, ಮೊದಲು ಅವನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಆಗದಿದ್ದರೆ ಮುಂದಿನ ಮಾತು.

2. ಯಾವ ಕಾನೂನು?

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯೇ ಗಾರ್ಡಿಯನ್ ನೇಮಿಸುತ್ತದೆ, ಕೋರ್ಟು ಬೇಡ. ಈ ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ.

ಮರೆವಿನ ಕಾಯಿಲೆ ಬಂದ ಅಪ್ಪನಿಗೆ ಈ ದಾರಿ ಇಲ್ಲ. ಅಲ್ಲಿ ಜನ ಹಿಡಿಯುವ ಅಡ್ಡದಾರಿ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವ ಪತ್ರ. ದಯವಿಟ್ಟು ಬೇಡ. ಬರೆದುಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ, ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದೇ ಅದನ್ನು. ಛಾಪಾ ಕಾಗದ ಮಾರುವವರು ಇದನ್ನು ನಿಮಗೆ ಹೇಳುವುದಿಲ್ಲ. ಆಸ್ತಿ ವಿಷಯಕ್ಕೆ ಕೋರ್ಟಿಗೇ ಹೋಗಬೇಕು. ಮಾನಸಿಕ ಆರೋಗ್ಯದ ಚಿಕಿತ್ಸೆಯ ಮಾತಾದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಅಪ್ಪ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೂ ಸಾಕು. ತಿಳಿವಳಿಕೆ ಇರುವಾಗಲೇ ಬರೆಸಿಡಿ.

3. ಕಾಗದಪತ್ರ

ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅಥವಾ ವಿಕಲತೆ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಆಧಾರ್, ಫೋಟೊ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕೇಳಿ. ಏಜೆಂಟರಿಗೆ ದುಡ್ಡು ಕೊಡಬೇಡಿ.

4. ಯಾವುದಕ್ಕೆ ಬೇಕು ಎಂದು ಬರೆಯುವುದು

ಜನ ಎಡವುವುದು ಇಲ್ಲೇ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸಮಿತಿ ಎರಡು ವಿಷಯ ನೋಡಬೇಕು: ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಯಾವ ಉದ್ದೇಶಕ್ಕೆ? ಎರಡನೆಯದಕ್ಕೆ ನಮ್ಮವರು ‘ಎಲ್ಲದಕ್ಕೂ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಅರ್ಜಿಯ ಜೊತೆ ಒಂದು ಬೇರೆ ಹಾಳೆ ಇಡಿ.

ಆ ಹಾಳೆ ಬರೆಯುವ ಮುಂಚೆ ಒಂದು ವಾರ ಮಗಳನ್ನು ಸುಮ್ನೆ ಗಮನಿಸಿ. ಯಾವ ಬಟ್ಟೆ ಹಾಕಬೇಕು ಅಂತ ತಾನೇ ಆರಿಸುತ್ತಾಳಾ? ಅಂಗಡಿಗೆ ಹೋಗಿ ಹಾಲು ತರುತ್ತಾಳಾ, ಚಿಲ್ಲರೆ ಎಣಿಸಲು ಬರದಿದ್ದರೂ? ಹೊಟ್ಟೆನೋವು ಬಂದರೆ ಎಲ್ಲಿ ನೋಯುತ್ತಿದೆ ಅಂತ ಡಾಕ್ಟರಿಗೆ ತೋರಿಸುತ್ತಾಳಾ? ಯಾರ ಮನೆಗೆ ಹೋಗಲು ಇಷ್ಟ, ಯಾರು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ? ಬಾಯಲ್ಲಿ ಹೇಳದಿದ್ದರೂ ಇವೆಲ್ಲ ತೀರ್ಮಾನಗಳೇ ಅಲ್ವಾ? ಅವಳು ಮಾಡಬಲ್ಲದ್ದನ್ನೆಲ್ಲ ಒಂದು ಕಡೆ ಬರೆಯಿರಿ. ನೀವು ವಿವರಿಸಿದರೆ, ಫೋಟೊ ತೋರಿಸಿದರೆ, ಸ್ವಲ್ಪ ಸಮಯ ಕೊಟ್ಟರೆ ಮಾಡುವಂಥದ್ದು ಇನ್ನೊಂದು ಕಡೆ. ಎಷ್ಟು ಸಹಾಯ ಮಾಡಿದರೂ ಆಗದೇ ಇರುವುದು ಕೊನೆಗೆ ಉಳಿಯುತ್ತದೆ: ಅಜ್ಜ ಬರೆದಿಟ್ಟ ಸೈಟಿನ ಕಂದಾಯ, ಫಿಕ್ಸೆಡ್ ಡೆಪಾಸಿಟ್ ನವೀಕರಣ, ವಿಮೆಯ ಕಾಗದ ಇಂಥವು. ಗಾರ್ಡಿಯನ್ ಬೇಕಾಗಿರುವುದು ಈ ಕೊನೆಯ ಪಟ್ಟಿಗೆ ಮಾತ್ರ. ‘ಬ್ಯಾಂಕ್ ವ್ಯವಹಾರ ಮತ್ತು ಇಂಥ ಆಸ್ತಿಯ ನಿರ್ವಹಣೆಗೆ ಮಾತ್ರ ಕೋರುತ್ತೇವೆ’ ಎಂದು ಸ್ಪಷ್ಟವಾಗಿ ಬರೆಯಿರಿ.

‘ನಾವಿರುವವರೆಗೆ ನಾವೇನು ಅವಳಿಗೆ ಅನ್ಯಾಯ ಮಾಡ್ತೀವಾ’ ಎಂದು ಅಮ್ಮಂದಿರು ಕೇಳುತ್ತಾರೆ. ಮಾಡುವುದಿಲ್ಲ, ನಿಜ. ಆದರೆ ನಿಮ್ಮ ಕಾಲ ಆದಮೇಲೆ ಹೊಸ ಗಾರ್ಡಿಯನ್ ನೇಮಿಸುವಾಗ ಹಳೇ ಆದೇಶವನ್ನೇ ನಕಲು ಮಾಡಿಬಿಡಬಹುದು. ‘ಎಲ್ಲದಕ್ಕೂ’ ಅನ್ನುವ ಮಾತು ಆಗ ನಿಮ್ಮ ಮಗಳನ್ನು ಸರಿಯಾಗಿ ಗೊತ್ತೇ ಇಲ್ಲದ ಯಾರದೋ ಕೈಗೆ ಹೋಗುತ್ತದೆ.

ಕಾನೂನಿನ ಒಲವೂ ಈ ಕಡೆಗೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸೀಮಿತ’ ಗಾರ್ಡಿಯನ್ ಬಗ್ಗೆ ಹೇಳುತ್ತದೆ, ಅಂದರೆ ಇಬ್ಬರೂ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸುವುದು. ಅದಕ್ಕೂ ಮೊದಲು, 2009ರಲ್ಲಿ, ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಬೌದ್ಧಿಕ ವಿಕಲತೆಯ ಯುವತಿಯೊಬ್ಬಳ ಗರ್ಭಪಾತಕ್ಕೆ ಹೈಕೋರ್ಟ್ ಅನುಮತಿ ಕೊಟ್ಟಿತ್ತು. ಮಗು ಬೇಕು ಅಂತ ಅವಳು ಹೇಳಿದ್ದಳು. ಅವಳ ಒಪ್ಪಿಗೆ ಇಲ್ಲದೆ ಆಗದು ಎಂದು ಸುಪ್ರೀಂ ಕೋರ್ಟ್ ಅದನ್ನು ತಡೆಯಿತು.

5. ಯಾರು ಆಗಬೇಕು?

ತಂದೆ ತಾಯಿ ಇಬ್ಬರೂ ಸೇರಿ ಆಗುವುದು ಒಳ್ಳೆಯದು. ಅಣ್ಣನೋ ಅಕ್ಕನೋ ಆಗುವುದಾದರೆ ಅವರ ಒಪ್ಪಿಗೆಯನ್ನು ಸಂಕೋಚಕ್ಕೆ ಸಿಕ್ಕಿಸಿ ಪಡೆಯಬೇಡಿ. ಮಗಳಿಗೆ ಯಾರು ಇಷ್ಟ ಅಂತ ಅವಳನ್ನೂ ಕೇಳಿ.

6. ಸಮಿತಿ ಕರೆದಾಗ

ಮಗನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ‘ನಿನ್ನ ಹೆಸರೇನಪ್ಪಾ’ ಎಂದು ಅಧಿಕಾರಿ ಕೇಳಿದರೆ ನೀವು ಬಾಯಿ ಹಾಕಬೇಡಿ, ಅರ್ಧ ನಿಮಿಷ ಬೇಕಾದರೂ ಹಿಡಿಯಲಿ. ಏನಕ್ಕೆ ಬಂದಿದ್ದೇವೆ ಅಂತ ಹಿಂದಿನ ದಿನವೇ ಅವನಿಗೆ ಗೊತ್ತಾಗುವ ಹಾಗೆ ಹೇಳಿ.

7. ಆದೇಶ ಬಂದಮೇಲೆ

ಲ್ಯಾಮಿನೇಟ್ ಮಾಡಿಸಿ ಬೀರುವಿಗೆ ಹಾಕಿದರೆ ಕೆಲಸ ಮುಗಿಯಲಿಲ್ಲ. ಆರು ತಿಂಗಳೊಳಗೆ ಮಗನ ಅಥವಾ ಮಗಳ ಆಸ್ತಿ, ಸಾಲ, ಬರಬೇಕಾದ ದುಡ್ಡಿನ ಪಟ್ಟಿಯನ್ನು ಸಮಿತಿಗೆ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಕೊಡಬೇಕು. ಇದನ್ನು ಮಾಡದವರೇ ಜಾಸ್ತಿ. ಗಾರ್ಡಿಯನ್ ದುಡ್ಡು ತಿಂದರೆ, ಹಿಂಸೆ ಕೊಟ್ಟರೆ, ನೋಡಿಕೊಳ್ಳದೆ ಬಿಟ್ಟರೆ ತೆಗೆದುಹಾಕಿ ಎಂದು ಹತ್ತಿರದ ಸಂಬಂಧಿಕರು ಅರ್ಜಿ ಹಾಕಬಹುದು. ಆಗ ಸಮಿತಿ ಮೊದಲು ನೋಡುವುದು ಈ ಲೆಕ್ಕವನ್ನೇ, ಹಾಗಾಗಿ ಒಂದು ನೋಟ್‌ಬುಕ್ ಬೇರೆಯೇ ಇಡಿ, ಮನೆ ಖರ್ಚಿನ ಜೊತೆ ಬೆರೆಸಬೇಡಿ. ಲೆಕ್ಕ ಕೊಡುವ ಮೊದಲು ಪಾಸ್‌ಬುಕ್ಕನ್ನು ಮಗಳ ಮುಂದೆ ತೆರೆದು, ‘ಇದು ನಿನ್ನ ದುಡ್ಡು, ಇದರಲ್ಲಿ ಇದಿಷ್ಟು ನಿನ್ನ ಔಷಧಿಗೆ ಹೋಯಿತು’ ಎಂದು ತೋರಿಸಿ.